ರಾಣಿಯ ಕೆನ್ನೆಯ ಗೆರೆ

ಆ ದಿನ ಆ ಬೀದಿಯಲ್ಲಿ ಎದ್ದ ಒಂದೇ ಒಂದು ಕಿರುಚಾಟಕ್ಕೆ ಊರಿನ ಗಡಿಯಾರಗಳೆಲ್ಲ ನಿಂತುಹೋದವು. ನದಿ ಅರ್ಧ ಮೈಲಿ ಹಿಂದಕ್ಕೆ ಹರಿದು, ಏನಾಯ್ತು ಅಂತ ಇಣುಕಿ ನೋಡಿ, ಆಮೇಲೆ ಮುಂದಕ್ಕೆ ಹೋಯಿತು. ನಂಬದವರು ನದಿಯನ್ನೇ ಕೇಳಿಕೊಳ್ಳಿ!

ಕಿರುಚಿದ್ದು ಅವಳೇ. ಇನ್ಯಾರು?

ಪಾಪ, ಕಿರುಚದೆ ಏನು ಮಾಡಿಯಾಳು... ಕ್ಯಾಮೆರಾದ ಪರದೆಯ ಮೇಲೆ ರಾಣಿಯ ಕೆನ್ನೆ ಸೀಳಿಹೋಗಿತ್ತು!

ರಾಣಿ ಅಂದರೆ ಚಿನ್ನದ ರಾಣಿ. ತಲೆಮಾರುಗಳ ಹಿಂದಿನ ನಾಣ್ಯದ ಮೇಲೆ ಕಿರೀಟ ಹೊತ್ತು ಕೂತವಳು. ಅವಳ ಕಿವಿಯಿಂದ ಹೊರಟು, ಕೆನ್ನೆ ದಾಟಿ, ನಾಣ್ಯದ ಅಂಚಿನವರೆಗೆ ಕೂದಲೆಳೆಯಂಥ ಗೀರು. ಹಿಂದೆ ತೆಗೆದ ಫೋಟೋಗಳಲ್ಲಿ ಅದು ಇರಲೇ ಇಲ್ಲ.

'ತಿರುಗಿಸುವಾಗ ನನ್ನ ಚಿಮಟ ಜಾರಿತಾ? ಏನೋ ತಾಗಿದ ಹಾಗಾಗಿತ್ತಲ್ಲಾ... ಅಯ್ಯೋ, ಏನು ಮಾಡಿಬಿಟ್ಟೆ!'

ಒಳಗಿನಿಂದ ಚಿಕ್ಕಮ್ಮ ಬಂದಳು. ಅವಳನ್ನು ಸಾಕಿದ್ದೂ ಈ ಚಿಕ್ಕಮ್ಮನೇ, ಬಳೆ ಮಾರಿ ಈ ಫೋಟೋ ಸ್ಟುಡಿಯೋ ಕಟ್ಟಿದ್ದೂ ಈ ಚಿಕ್ಕಮ್ಮನೇ.

"ಏನೇ ಅದು, ಹಾವು ತುಳಿದವಳ ಹಾಗೆ ನಿಂತಿದೀಯ?"

"ಚಿಕ್ಕಮ್ಮಾ... ನಾಣ್ಯಕ್ಕೆ ಗೀರು ಬಿತ್ತು."

ಚಿಕ್ಕಮ್ಮ ಕುಸಿದು ಕೂತಳು. "ಈ ಸ್ಟುಡಿಯೋ ಮಾರಿದ್ರೂ ಅದರ ಅಂಚು ಕೂಡ ಬರಲ್ಲ ಕಣೇ! ಸುಮ್ನೆ ಡಬ್ಬಿಗೆ ಹಾಕಿ ಕೊಟ್ಟುಬಿಡು. ಕೇಳಿದ್ರೆ ಮೊದಲೇ ಇತ್ತು ಅನ್ನು."

"ಅವರ ಕಣ್ಣು ತಪ್ಪಿಸೋಕಾಗುತ್ತಾ?"

ಅವರು ಅಂದರೆ ನಾಣ್ಯದ ಯಜಮಾನ. ಹಳೇ ಚಿನ್ನದ ನಾಣ್ಯಗಳ ಹುಚ್ಚ. ಒಂದೇ ಥರದ ಎರಡು ನಾಣ್ಯ ಇಟ್ಟರೆ, ಇದು ಈ ಅಚ್ಚಿನದು, ಅದು ಆ ಅಚ್ಚಿನದು ಅಂತ ಉಸಿರಾಡುವಷ್ಟರಲ್ಲಿ ಹೇಳುವವನು. ಚಿಕ್ಕಮ್ಮ ಇಟ್ಟ ಹೆಸರು ಭೂತಗನ್ನಡಿ. ಆರೂಕಾಲು ಅಡಿ ಎತ್ತರ, ಸಿಂಹದ ನಡಿಗೆ! ಕೆಮ್ಮಿದರೆ ಬೀದಿನಾಯಿಗಳು ಎದ್ದು ನಿಂತು ದಾರಿ ಬಿಡುತ್ತಿದ್ದವು.

ಅವಳ ಫೋಟೋಗಳನ್ನು ಆತ ಪ್ರತಿ ಸಲವೂ ವಾಪಸ್ ತಂದಿದ್ದ. "ಸರಿಯಾಗಿಲ್ಲ. ಇನ್ನೊಮ್ಮೆ ತೆಗೀರಿ." ಅಷ್ಟೇ ಮಾತು. ಮುಖ ಎತ್ತಿ ಅವಳನ್ನು ನೋಡುತ್ತಲೂ ಇರಲಿಲ್ಲ.

'ನನ್ನ ಕೆಲಸ ಕಂಡ್ರೆ ಅಸಹ್ಯ ಅವರಿಗೆ. ಈಗ ಇದೂ ಸೇರ್ಕೊಂಡ್ರೆ...'

ಬಾಗಿಲ ಗಂಟೆ ಬಾರಿಸಿತು. ಅವಳ ಎದೆ ಗಂಟೆಗಿಂತ ಜೋರಾಗಿ ಹೊಡೆದುಕೊಂಡಿತು.

"ಮುಗೀತಾ ಕೆಲಸ?" ಸಿಂಹ ಕೇಳಿತು.

ಚಿಕ್ಕಮ್ಮ ಹಿಂದಿನಿಂದ ಅವಳ ಸೊಂಟಕ್ಕೆ ತಿವಿದಳು. ಬಾಯಿ ಮುಚ್ಕೋ ಅಂತ ಅದರರ್ಥ.

"ಸಾರ್..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ ನಾಣ್ಯ... ನನ್ನ ಕೈಯಲ್ಲಿ ಹಾಳಾಯ್ತು."

ಆತ ಪರದೆ ನೋಡಿದ. ಮಸೂರ ತೆಗೆದು ನಾಣ್ಯದ ಮೇಲೆ ಬಗ್ಗಿದ. ಆತನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಜೀವಮಾನವಿಡೀ ದುಡಿದು ತೀರಿಸ್ತೀನಿ ಸಾರ್. ಚಿಕ್ಕಮ್ಮನ್ನ ಮಾತ್ರ ಬೀದಿಗೆ ತರಬೇಡಿ..."

"ದೀಪ ಯಾವ ಕಡೆ ಇತ್ತು?"

"ಹಾಂ?"

"ಫೋಟೋ ತೆಗೆಯುವಾಗ. ದೀಪ."

"ಬಲಗಡೆ, ಕೆಳಗೆ. ಯಾವಾಗಲೂ ಎಡಗಡೆ ಮೇಲೆ ಇಡ್ತೀನಿ... ನಿಮಗೆ ಹಿಡಿಸಲಿಲ್ಲವಲ್ಲ, ಅದಕ್ಕೇ ಬದಲಾಯಿಸಿದೆ."

ಆತ ದೀಪವನ್ನು ಎಡಕ್ಕೆ ಎಳೆದು, ಮೇಜಿಗೆ ತಾಗುವಷ್ಟು ತಗ್ಗಿಸಿದ. ಮಸೂರವನ್ನು ಅವಳ ಕೈಗಿಟ್ಟ.

"ಈಗ ನೋಡಿ."

ಅವಳು ನೋಡಿದಳು. ಗೀರು ಇರಲಿಲ್ಲ. ರಾಣಿಯ ಕೆನ್ನೆಯ ಮೇಲೆ ಚಿನ್ನದ ದಾರ ಅಂಟಿಸಿದ ಹಾಗೆ...

"ಇದು... ಉಬ್ಬಿದೆ!"

"ಗೀರಾಗಿದ್ರೆ ಹಳ್ಳ ಇರಬೇಕಿತ್ತು. ಬೆಳಕು ಉಲ್ಟಾ ಬಿದ್ರೆ ದಿಬ್ಬಾನೂ ಕಣ್ಣಿಗೆ ಹಳ್ಳದ ಥರ ಕಾಣುತ್ತೆ. ನಾಣ್ಯ ಒತ್ತಿದ ಅಚ್ಚೇ ಬಿರುಕು ಬಿಟ್ಟಿತ್ತು. ಆ ಬಿರುಕಿಗೆ ಚಿನ್ನ ನುಗ್ಗಿ ಈ ಗೆರೆ ಎದ್ದಿದೆ, ನಿಮ್ಮ ಮುತ್ತಜ್ಜಿ ಹುಟ್ಟೋಕೂ ಮೊದಲೇ!" ಆತ ಮತ್ತೊಮ್ಮೆ ನಾಣ್ಯದ ಮೇಲೆ ಬಗ್ಗಿದ. "ಈ ಬಿರುಕು ಬಿಟ್ಟ ರಾಣಿಯನ್ನ ಎಷ್ಟು ವರ್ಷದಿಂದ ಹುಡುಕ್ತಿದ್ದೆ ಗೊತ್ತಾ? ನನ್ನ ಜೇಬಲ್ಲೇ ಇದ್ದಳು. ನನಗೆ ಕಾಣಲಿಲ್ಲ, ನಿಮಗೆ ಕಂಡಳು."

ಅವಳು ನೆಲದ ಮೇಲೆ ಕೂತು ಗಳಗಳ ಅತ್ತುಬಿಟ್ಟಳು.

ಚಿಕ್ಕಮ್ಮ ಸೆರಗು ಬಿಗಿದು ಎದ್ದಳು. "ಅದೆಲ್ಲ ಸರಿಯಪ್ಪಾ. ಹಿಂದಿನ ಫೋಟೋಗಳಿಗೆ ಏನು ಧಾಡಿಯಾಗಿತ್ತು?"

ಸಿಂಹ ಎದೆಯುಬ್ಬಿಸಿತು. ನೆಲದ ಮೇಲೆ ಕೂತವಳ ಕಣ್ಣಲ್ಲಿ ಕಣ್ಣಿಟ್ಟು, ಕಂಚಿನ ಕಂಠದಲ್ಲಿ ಹೇಳಿತು: "ಏನೂ ಇಲ್ಲ. ನನಗೆ ಇವರು ಬೇಕು, ಅಷ್ಟೇ!"

"ಸಾಕು, ನಿಲ್ಸಿ."

ಬರೆಯುತ್ತಿದ್ದ ನನ್ನ ಬೆನ್ನ ಹಿಂದಿನಿಂದ ಅವಳ ಧ್ವನಿ. ಯಾವಾಗಿನಿಂದ ನಿಂತು ಓದುತ್ತಿದ್ದಳೋ!

"ಆರೂಕಾಲು ಅಡಿನಾ? ನಮ್ಮನೇಲಿ ಮೇಲಿನ ಚಿಲಕ ಹಾಕೋಕೆ ಸ್ಟೂಲ್ ಹತ್ತೋರು ಯಾರ್ರೀ?"

"ಅದು... ಕಥೆಗೆ ಬೇಕಾಗುತ್ತೆ..."

"ಈ ಊರಲ್ಲಿ ನದಿ ಎಲ್ಲಿದೆ? ಅದೂ ಹೋಗಲಿ. ಚಿಕ್ಕಮ್ಮ ಕೇಳಿದಾಗ ಸಿಂಹ ನಿಜವಾಗಿ ಏನಂತು, ಹೇಳಿ."

"...ಏನೂ ಅನ್ನಲಿಲ್ಲ."

"ಮತ್ತೆ?"

"ನಾಣ್ಯ ಮೇಜಿನ ಮೇಲೇ ಬಿಟ್ಟು ಓಡಿಹೋಯ್ತು."

"ಅದನ್ನ ಹಿಡ್ಕೊಂಡು, ಚಪ್ಪಲಿ ಕೂಡ ಇಲ್ದೆ ಬೀದಿಯಲ್ಲಿ ಅಟ್ಟಿಸಿಕೊಂಡು ಬಂದವಳು ನಾನು. ಹಿಂದಿನಿಂದ ತೋಳು ಹಿಡಿದಾಗ ಕಿರುಚಿದೋರು?"

"ನಾನೇ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

"ನೀನು ತೆಗೆದ ಮೊದಲನೇ ಫೋಟೋನೇ ಚೆನ್ನಾಗಿತ್ತು ಕಣೇ. ಇನ್ನೊಂದು ಸಲ ನಿನ್ನ ನೋಡೋಕೆ ಬೇರೆ ದಾರಿ ತೋಚದೆ ಸರಿಯಾಗಿಲ್ಲ ಅಂದೆ. ನಾನು ಹಾಗೆ ಮಾಡಿದ್ದಕ್ಕೇ ಆ ದಿನ ನೀನು ಅಷ್ಟು ನಡುಗಿದ್ದು. ಎಲ್ಲಾ ಕಳ್ಕೊಳ್ಳೋ ಭಯದಲ್ಲೂ ನೀನು ನಿಜ ಹೇಳಿದೆ. ನಾನು... ನೀನು ಬೇಡ ಅಂದ್ಬಿಟ್ರೆ ಅನ್ನೋ ಒಂದೇ ಭಯಕ್ಕೆ ಓಡಿದೆ."

ಅವಳು ನನ್ನ ತೋಳು ಹಿಡಿದಳು. ಆ ದಿನ ಹಿಡಿದ ಜಾಗದಲ್ಲೇ.

"ಈಗಲೂ ಭಯ ಆಗುತ್ತಾ?"

"ಆಗುತ್ತೆ."

"ಕಿರುಚಬೇಡಿ ಮತ್ತೆ." ಗಲ್ಲವನ್ನು ನನ್ನ ಭುಜಕ್ಕೆ ಊರಿದಳು. "ಇದನ್ನೂ ಇದ್ದ ಹಾಗೇ ಬರೀರಿ. ನದಿ ಮಾತ್ರ... ಇರಲಿ ಬಿಡಿ. ಚೆನ್ನಾಗಿದೆ."