ಒಡಪಿನೊಳಗಿನ ಹೆಸರು

"ಹೆಸರು ಹೇಳಿ, ಅಕ್ಕಿ ಕೊಡ್ತೀನಿ."

ಜಾಫ್ನಾದ ನಿರಾಶ್ರಿತರ ಶಿಬಿರ. ಹರಕು ತಮಿಳಿನಲ್ಲಿ ಕೇಳಿದ ಭಾರತದ ಸಿಪಾಯಿಯನ್ನು ಮಲರ್ ದಿಟ್ಟಿಸಿದಳು. ತುಟಿ ಬಿಚ್ಚಲಿಲ್ಲ.

ಹಿಂದೊಮ್ಮೆ ಯಾರೋ ಸಮವಸ್ತ್ರದವರು ಬಾಗಿಲಿಗೆ ಬಂದು ಅಣ್ಣನ ಹೆಸರು ಕೇಳಿದ್ದರು. ಅವಳು ಹೇಳಿದ್ದಳು. ಅಣ್ಣ ಹೋದವನು ಮತ್ತೆ ಬರಲೇ ಇಲ್ಲ...

ಸಿಪಾಯಿ ಪೆನ್ನು ಕೆಳಗಿಟ್ಟ. "ಹೋಗ್ಲಿ ಬಿಡಿ. ನನ್ನ ಹೆಸರು ಚಿತ್ರಲಿಂಗಪ್ಪ, ಹೊಸದುರ್ಗದ ಕಡೆಯವನು. ಅಕ್ಕಿ ತಗೊಳ್ಳಿ."

ಆ ಒಂದು ಮಾತಿಗೆ ಹುಡುಗಿ ಸೋತುಹೋದಳು!

ಮದುವೆಗೆ ಮೇಲಧಿಕಾರಿಗಳ ಅಪ್ಪಣೆ ಸಿಗುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು; ಅವಳು ಅವನಿಂದ ಕನ್ನಡ ಕಲಿತೂ ಆಗಿತ್ತು. ಕೊನೆಗೂ ತನ್ನೂರು ಮತ್ತೋಡಿನಲ್ಲಿ ಕಂಬಳಿ ಹಾಸಿ ತಾಳಿ ಕಟ್ಟಿದ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಹೊರದೇಶದ ಹೆಂಡತಿ ಇಲ್ಲಿ ಉಳಿಯಬೇಕೆಂದರೆ ಚಿತ್ರದುರ್ಗದ ಕಚೇರಿಯ ಪರವಾನಗಿ ಬೇಕು. ಅರ್ಜಿ ಹಾಕಿ ಅವನು ಕಾಶ್ಮೀರದ ಗಡಿಗೆ ಹೋದ.

ವಿಚಾರಣೆಗೆ ಪೊಲೀಸಿನವನು ಬಂದಾಗ ಮನೆಯಲ್ಲಿ ಮಲರ್ ಒಬ್ಬಳೇ.

"ಗಂಡನ ಹೆಸರೇನಮ್ಮ?"

ಖಾಕಿ ಕಂಡದ್ದೇ ಅವಳು ಬಾಗಿಲ ಮರೆಗೆ ಸರಿದಳು. ಸಾಲದ್ದಕ್ಕೆ ಅವಳು ಮನೆಗೆ ಬಂದ ದಿನವೇ ಅತ್ತೆ ಬರಗೇರಮ್ಮ ಕಲಿಸಿದ್ದಳು: "ಗಂಡನ ಹೆಸ್ರು ಬಾಯಾಗ ತರಬಾರ್ದು ಕಣವ್ವ, ಆಯುಸ್ಸು ಕಮ್ಮಿ ಆಗ್ತೈತೆ."

ಮಲರ್ ಅತ್ತಳೇ ಹೊರತು ಹೇಳಲಿಲ್ಲ. ಹೊರದೇಶದವಳಿಗೂ ನಮ್ಮ ಹೆಂಗಸರ ಪದ್ಧತಿ ಅಂಟಿರಬಹುದೆಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. 'ಗಂಡನ ಹೆಸರೇ ಗೊತ್ತಿಲ್ಲ, ಮದುವೆ ಅನುಮಾನ' ಎಂದು ಬರೆದುಕೊಂಡು ಹೋದ.

ದುರ್ಗದಿಂದ ಕರೆ ಬಂತು. ಚಿತ್ರಲಿಂಗಪ್ಪ ರಜೆ ಹಾಕಿ ಓಡಿಬಂದ. ಮುಖ ಕಪ್ಪಿಟ್ಟಿತ್ತು.

"ನನ್ನ ಹೆಸ್ರು ಹೇಳಾಕೂ ಬ್ಯಾಡ ಆತಾ ನಿಂಗೆ? ಊರಿಗೆ ವಾಪಸ್ ಹೋಗೋ ಮನಸೈತಾ?"

"ಅಯ್ಯೋ, ಅದಲ್ಲ ರೀ..." ಎಂದಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು.

ಮರುದಿನ ಅತ್ತೆಯೂ ಸೇರಿ ಮೂವರೂ ಕಚೇರಿಗೆ ಹೋದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ನೀವೇ ಹೇಳಬೇಕಮ್ಮ. ಇಲ್ಲಾಂದ್ರೆ ವಾಪಸ್ ಕಳಿಸಬೇಕಾಗುತ್ತೆ."

ಹೊರಗೆ ಬೂಟಿನ ಸದ್ದು. ಮಲರ್ ತಟ್ಟನೆ ಬಾಗಿಲಿನತ್ತ ತಿರುಗಿದಳು. ಹೇಳದಿದ್ದರೆ ಇವರನ್ನು ಬಿಟ್ಟು ಹೋಗಬೇಕು. ಹೇಳಿದರೆ ಇವರೇ ಹೋಗಿಬಿಟ್ಟರೆ?

ತಡೆಯಲಾರದೆ ಗಂಡನ ತೋಳು ಹಿಡಿದಳು. "ಅಣ್ಣನ ಹೆಸರು ನಾನೇ ಹೇಳಿದ್ದೆ ರೀ... ಕರಕೊಂಡು ಹೋದರು... ಬರಲೇ ಇಲ್ಲ. ನಿಮ್ಮ ಹೆಸರೂ ಹೇಳಿದ್ರೆ..."

ಅವನ ಸಿಟ್ಟೆಲ್ಲ ಇಳಿದುಹೋಯಿತು. ಎಂಥ ಮಾತಾಡಿಬಿಟ್ಟೆ ನಾನು! ಕಣ್ಣು ತುಂಬಿಬಂತು.

ಬರಗೇರಮ್ಮ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. "ಅರ್ಧ ಕಲಿಸಿ ಕೆಡಿಸಿದೋಳು ನಾನೇ ಕಣವ್ವ. ಬರೇ ಬಾಯಾಗ ಹೇಳಬಾರ್ದು. ಒಡಪು ಕಟ್ಟಿ ಹೇಳು. ಪದದಾಗ ಹೇಳಿದ್ರೆ ಆಯುಸ್ಸು ಹೆಚ್ತೈತೆ!"

ಮಲರ್ ಕಣ್ಣು ಮುಚ್ಚಿದಳು. ಪದ ಜೋಡಿಸಿಕೊಂಡು ಹೇಳಿದಳು:

"ಕಡಲು ದಾಟಿ ಬಂದೆ, ಕಂಬಳಿ ಮ್ಯಾಲೆ ಕುಂತೆ...
ಚಿತ್ರಲಿಂಗಪ್ಪನೋರು ಇರೋವಾಗ ನಂಗ್ಯಾಕೆ ಚಿಂತೆ!"

ಸಾಹೇಬರು ನಕ್ಕು ಸಹಿಗೆ ಪೆನ್ನು ತೆಗೆದರು. ಅವಳು ಮಾತ್ರ ಕಣ್ಣು ಬಿಡಲೊಲ್ಲಳು.

"ಅದೀರಾ?"

"ಇಲ್ಲೇ ಅದೀನಿ, ನೋಡು."

ನೋಡಿದಳು. ಇದ್ದ!

ಹೊರಗೆ ಬೇವಿನ ನೆರಳಲ್ಲಿ ನಿಂತು ಅವಳು ಮೆಲ್ಲಗೆ ಅಂದಳು, "ಗುಣಸೀಲನ್... ನನ್ನಣ್ಣನ ಹೆಸರು." ಆ ಹೆಸರು ಅವಳ ಬಾಯಿಗೆ ಬಂದು ವರ್ಷಗಳಾಗಿದ್ದವು. ಗಂಡನೂ ಒಮ್ಮೆ ಆ ಹೆಸರು ಹೇಳಿದ. ಅವಳ ಕಣ್ಣು ಆಗಲೂ ರಸ್ತೆಯ ತುದಿಯನ್ನೇ ಹುಡುಕುತ್ತಿತ್ತು.

"ನಾನು ಗಡಿಗೆ ಹೋದ್ಮ್ಯಾಲೆ ಹೆದ್ರಿಕೆ ಆದ್ರೆ?"

"ಒಡಪು ಹೇಳ್ಕೊಂತೀನಿ."

"ಅಷ್ಟು ದೂರ ನಂಗೆ ಕೇಳಿಸ್ತೈತಾ?"

"ಕೇಳಿಸದಿದ್ರೆ... ಮನೆಗೆ ಬಂದು ಕೇಳ್ರಿ."