ಹೂಡೆಯಿಂದ ಬಂದ ಎರಡನೇ ಡ್ರಮ್

ಮಣಿಪಾಲದ ಪ್ರಯೋಗಾಲಯದಲ್ಲಿ ಮೋಕ್ಷಾ ಡ್ರಾಪರಿನಿಂದ ಸೊಳ್ಳೆಮರಿಗಳನ್ನು ಎತ್ತಿ ಬಟ್ಟಲಿಗೆ ಬಿಡುತ್ತಿದ್ದಳು. ನೂರಾ ಹನ್ನೆರಡು... ನೂರಾ ಹದಿಮೂರು...

ಧಡ್! ಬಾಗಿಲಲ್ಲಿ ನೀಲಿ ಡ್ರಮ್ಮೊಂದು ಬಂದು ಕುಳಿತಿತು. ಅದರ ಹಿಂದೆ ಸುಕೇಶ್!

ಎಣಿಕೆ ತಪ್ಪಿಹೋಯಿತು.

ಊರೂರು ತಿರುಗಿ ಸೊಳ್ಳೆಮರಿ ಹಿಡಿದು ತರುವವನು ಅವನು. ಎರಡು ವಾರದ ಹಿಂದೆ ಅವಳೇ ಎಲ್ಲರೆದುರು ಅವನನ್ನು ಬೈದಿದ್ದಳು.

ಸೊಳ್ಳೆಯ ಜೀನೋಮಿನಲ್ಲಿ ಜಾಗದಿಂದ ಜಾಗಕ್ಕೆ ಹಾರಿ ಕೂರುವ ಡಿಎನ್ಎ ತುಣುಕುಗಳಿರುತ್ತವೆ. ಅಂಥದ್ದೊಂದು ಹೂಡೆ ಎಂಬ ಊರಿನ ಸೊಳ್ಳೆಗಳಲ್ಲಿ ಮಾತ್ರ ಸಿಕ್ಕಿತ್ತು. ಆಮೇಲೆ ಅವನು ಇನ್ನೊಂದೂರು ಉಚ್ಚಿಲದಿಂದ ತಂದ ಬಾಟಲಿಯಲ್ಲೂ ಅದೇ ತುಣುಕು, ಅದೇ ಜಾಗದಲ್ಲಿ!

"ಒಂದೇ ಕಡೆ ಎರಡೂ ಬಾಟಲಿ ತುಂಬಿಸಿದ್ದೀರಿ, ಅಲ್ವಾ?" ಎಂದಿದ್ದಳು.

ಅವನು ಚೀಲ ಹೆಗಲಿಗೇರಿಸಿ ಹೊರಟುಹೋಗಿದ್ದ. ಅಂದಿನಿಂದ ಬಾಗಿಲು ಸದ್ದಾದಾಗಲೆಲ್ಲ ಅವಳ ತಲೆ ತಾನಾಗಿ ಏಳುತ್ತಿತ್ತು. ಇನ್ನು ಬರುವುದೇ ಇಲ್ಲವೇನೋ...

"ಎಂತ ಇದು?" ಈಗ ಡ್ರಮ್ಮಿನತ್ತ ಕೈ ತೋರಿ ಕೇಳಿದಳು.

"ಸಾಕ್ಷಿ, ಮೇಡಂ. ಉಚ್ಚಿಲದ ಆ ಮನೆಯವರು ಹೂಡೆಯ ಭಾವನಿಂದ ಎರಡು ಡ್ರಮ್ ಟೆಂಪೋದಲ್ಲಿ ತಂದಿದ್ದರಂತೆ. ಒಂದಕ್ಕೆ ನೀರು ತುಂಬಿಸಿದರು, ಅದರಲ್ಲೇ ನಾನು ಮರಿ ಹಿಡಿದದ್ದು. ಇದು ಎರಡನೆಯದು. ಮುಚ್ಚಳ ತೆಗೆದೇ ಇಲ್ಲ."

ಮೋಕ್ಷಾ ಮುಚ್ಚಳ ತೆಗೆದು ಟಾರ್ಚಿನ ಬೆಳಕು ಬಿಟ್ಟು ಬಗ್ಗಿದಳು. ಒಣಗಿದ ಒಳಮೈಗೆ ಮಸಿಪುಡಿಯಂತೆ ಅಂಟಿದ್ದ ಚುಕ್ಕಿಗಳು... ಮೊಟ್ಟೆಗಳು! ತಿಂಗಳುಗಟ್ಟಲೆ ಒಣಗಿದರೂ ಸಾಯದವು. ತನಗೆ ಗೊತ್ತಿದ್ದ ಸಂಗತಿಯೇ. ಆದರೂ ಒಂದು ಮಾತು ಕೇಳಲಿಲ್ಲವಲ್ಲ!

ನೀರು ಹಾಕಿದಳು. ಮರುದಿನ ಮರಿಗಳು ಮಿಸುಕಾಡಿದವು. ವಾರದೊಳಗೆ ಪರೀಕ್ಷೆಯ ಫಲಿತಾಂಶವೂ ಬಂತು. ಅದೇ ತುಣುಕು, ಅದೇ ಜಾಗ. ಹೂಡೆಯ ಮೊಟ್ಟೆಗಳೇ ಡ್ರಮ್ಮಿಗಂಟಿ ಉಚ್ಚಿಲಕ್ಕೆ ಬಂದಿದ್ದವು.

"ತಪ್ಪು ನನ್ನದು ಸುಕೇಶ್," ಎಂದಳು, ಎಲ್ಲರೆದುರೇ.

"ಬಿಡಿ ಮೇಡಂ. ಟೆಂಪೋದಲ್ಲಿ ಟಿಕೆಟಿಲ್ಲದೆ ಬಂದವುಗಳದ್ದು ತಪ್ಪು!"

ಉಳಿದವರು ನಗುತ್ತ ಚಹಾಕ್ಕೆ ಹೊರಟರು. ಅವನು ಮಾತ್ರ ನಿಂತ.

"ಆ ತುಣುಕು ಒಮ್ಮೆ ಬಂದು ಕೂತರೆ ಎದ್ದು ಹೋಗುವುದಿಲ್ಲವಾ?"

"ಕೆಲವು ಹೋಗುತ್ತವೆ. ಕೆಲವು ಮೊದಲು ತೊಂದರೆ ಕೊಡುತ್ತವೆ, ಎಷ್ಟೋ ತಲೆಮಾರು ಕಳೆದ ಮೇಲೆ ಸೊಳ್ಳೆಗೇ ಉಪಕಾರಕ್ಕೆ ಬರುತ್ತವೆ."

"ನನಗೆ ಅಷ್ಟು ತಲೆಮಾರು ಕಾಯಲಿಕ್ಕೆ ಆಗುವುದಿಲ್ಲ." ಅವನ ಕಿವಿ ಕೆಂಪಾಗಿತ್ತು. "ನೀವಂದ್ರೆ ನನಗೆ ಇಷ್ಟ. ಭಾನುವಾರ ಉಚ್ಚಿಲದ ನಮ್ಮ ಮನೆಗೆ ಊಟಕ್ಕೆ ಬನ್ನಿ. ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೇನೆ."

"ಬೈದದ್ದನ್ನೂ?"

"ಅದನ್ನೇ ಮೊದಲು ಹೇಳಿದ್ದು!"

ಅವಳಿಗೆ ನಗು ತಡೆಯಲಾಗಲಿಲ್ಲ. "ಭಾನುವಾರ ಸೊಳ್ಳೆಗಳಿಗೆ ಸಕ್ಕರೆ ನೀರಿಡುವ ಸರದಿ ನನ್ನದು... ನೋಡುವ."

"ನೋಡುವ ಮೇಡಂ."

"ಮೋಕ್ಷಾ ಅನ್ನಿ, ಮಾರಾಯ್ರೇ!"

ಅವನು ಹೋದ ಮೇಲೆ ಅವಳು ಗೋಡೆಯ ಸರದಿ ಪಟ್ಟಿಯತ್ತ ನೋಡಿದಳು. ಮೂರು ವರ್ಷದಿಂದ ಪ್ರತಿ ಭಾನುವಾರವೂ ಅವಳದೇ ಹೆಸರು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂರಬಾರದೆಂದು ತಾನೇ ಕೇಳಿ ಬರೆಸಿಕೊಂಡದ್ದು.

ಈ ಭಾನುವಾರ ಸೊಳ್ಳೆಗಳು ಜೊತೆಯಲ್ಲಿ ಕೆಲಸ ಮಾಡುವ ವನೆಸ್ಸಾಳ ಕೈಯಿಂದ ಸಕ್ಕರೆ ನೀರು ಕುಡಿಯಲಿ. ಹತ್ತು ಗಂಟೆಯ ಬಸ್ಸಿಗೆ ಉಚ್ಚಿಲ.

ಯಾರಿಗೂ ಹೇಳಲಿಲ್ಲ. ಡ್ರಾಪರ್ ಎತ್ತಿಕೊಂಡು ಮೊದಲಿನಿಂದ ಎಣಿಸತೊಡಗಿದಳು. ಒಂದು... ಎರಡು...