ನೀರಿನ ಮೇಲಿನ ಬದು

"ನೋಡಿದಾಗೆಲ್ಲ ನಿನ್ನ ಅಂಗಡಿ ಬಂದ್ ಇರತೈತಲ್ಲವಾ, ಯಾಕ?"

ಚಹಾದ ಕಪ್ಪನ್ನು ಕೈಗೆ ಕೊಡುತ್ತಲೇ ಮಲ್ಲಮ್ಮ ಕೇಳಿಬಿಟ್ಟಳು. ಗುಡಗೇರಿಯಿಂದ ಯರಗುಪ್ಪಿಗೆ ಬರುವಾಗ ಬಸ್ಸಿನಲ್ಲಿ ಅಮೃತಾ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡಿದ್ದಳು. ಇದೊಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಅಮೃತಾ ಕೆಲಸ ಮಾಡುವುದು ಪ್ರವಾಸಿಗರ ದೊಡ್ಡ ಹಡಗೊಂದರ ಸೆಂಟಿನ ಅಂಗಡಿಯಲ್ಲಿ. ಹೋದ ವರ್ಷ ರಜೆಗೆ ಬಂದಾಗ ಗುಡಗೇರಿ ಸ್ಟೇಷನ್ನಿನಲ್ಲಿ ಅವಳ ಸೂಟ್‌ಕೇಸನ್ನು ರೈಲಿನಿಂದ ಇಳಿಸಿಕೊಟ್ಟವನು ಸಿದ್ಧಲಿಂಗ, ಈ ಮಲ್ಲಮ್ಮನ ಮಗ.

"ಏನ್ರಿ, ಕಲ್ಲ ತುಂಬೀರೇನು?" ಎಂದಿದ್ದ.

"ಸಮುದ್ರ ತುಂಬೀನ್ರಿ. ಹಗೂರಕ ಇಡ್ರಿ, ಚೆಲ್ಲತೈತಿ" ಎಂದಿದ್ದಳು.

ಅವನು ನಿಜಕ್ಕೂ ಹಗುರವಾಗಿ ಇಟ್ಟಿದ್ದ. ಇಟ್ಟ ಮೇಲೆ ತಲೆ ಎತ್ತಿ ನಕ್ಕಿದ್ದ. ಆ ನಗು ಅವಳ ಜೊತೆ ಏಳೆಂಟು ಬಂದರು ಸುತ್ತಿತ್ತು.

ಹಡಗು ಬಂದರು ಮುಟ್ಟಿದಾಗಲೇ ಅವಳಿಗೆ ಬಿಡುವು, ಅಗ್ಗದ ನೆಟ್ ಸಿಗುವುದೂ ಆಗಲೇ. ಹಾಗಾಗಿ ಪ್ರತಿ ವಿಡಿಯೋ ಕಾಲಿನಲ್ಲೂ ಅವಳ ಹಿಂದೆ ಇಳಿಬಿಟ್ಟ ಶಟರು, ಪಕ್ಕದಲ್ಲಿ ಬಟ್ಟೆ ಹೊದಿಸಿದ ಉದ್ದನೆಯ ಮೇಜುಗಳು. ಅದೇನೆಂದು ತಾಯಿ ಕೇಳಿದಾಗ ಸಿದ್ಧಲಿಂಗ ಮುಚ್ಚುಮರೆಯಿಲ್ಲದೆ, "ಕ್ಯಾಸಿನೊ ಅಂತ, ಇಸ್ಪೀಟ್ ಆಡೂ ಜಾಗಾ" ಎಂದಿದ್ದ. ಊರಿಗೆ ಅಷ್ಟು ಸಾಕಾಯಿತು. ಅಂಗಡಿಯೂ ಇಲ್ಲ ಏನೂ ಇಲ್ಲ, ಹುಡುಗಿ ಇಸ್ಪೀಟು ಹಂಚುತ್ತಾಳೆ ಎಂದು ಮಾತಾಯಿತು.

"ಹಡಗ ದಡಕ್ಕ ಕಟ್ಟಿದಾಗ ಆ ದೇಶದ ಕಾಯ್ದೇರಿ" ಅಮೃತಾ ಬಿಡಿಸಿ ಹೇಳಿದಳು. "ಬಾಳ ಕಡೆ ಅಂಗಡಿ, ಕ್ಯಾಸಿನೊ ಎರಡೂ ಮುಚ್ಚಬೇಕ್ರಿ. ಅವರ ಗಡಿ ದಾಟಿ ನಡುಸಮುದ್ರಕ್ಕ ಹೋದ ಮ್ಯಾಲ ತೆರೀತೀವಿ."

"ನಡುಸಮುದ್ರದಾಗ ಗಡಿ?"

"ಹೌದ್ರಿ."

"ನೀರಾಗ ಬದು ಹೆಂಗ ಹಾಕ್ತಾರವಾ? ಕಲ್ಲ ನೆಟ್ಟಿರತಾರೇನು?"

"ಕಾಣೂದಿಲ್ರಿ."

"ಕಾಣೂದಿಲ್ಲ ಅಂದ್ರ ಯಾರ ಕೇಳ್ತಾರ? ಗಿರಾಕಿ ಎದುರಿಗೆ ನಿಂತಾಗ ಬಾಗಲಾ ಹಾಕಾಕ ನಿಮಗೇನ ಹುಚ್ಚೇನು?" ಮಲ್ಲಮ್ಮ ವಿಭೂತಿಯ ಹಣೆ ಗಂಟಿಕ್ಕಿದಳು. "ನೋಡವಾ, ಗುರುವಾರ ನೀ ಮತ್ತ ಹಡಗಿಗೆ ಹೋಗಾಕಿ. ಅಷ್ಟರಾಗ ನನಗ ಖರೆ ಗೊತ್ತಾಗಬೇಕು. ಇಲ್ಲಂದ್ರ ಈ ಮದುವಿ ಮಾತ ಇಲ್ಲಿಗೇ ಬಿಡೂಣು."

ಅಮೃತಾ ಸಿದ್ಧಲಿಂಗನ ಕಡೆ ನೋಡಿದಳು. ಅವನು ಟವಲಿನ ಅಂಚು ಸುರುಳಿ ಸುತ್ತುತ್ತಿದ್ದ. ಅವಳು ಕಪ್ಪು ಕೆಳಗಿಟ್ಟು, ಹಿತ್ತಲ ಬಾಗಿಲಿನಿಂದ ಹೊರಗೆ ನಡೆದಳು.

ಹಾಗೇ ನಿಂತುಬಿಟ್ಟಳು.

ಊರಿನ ಕೊನೆಯ ಮನೆ ಅದು. ಹಿತ್ತಲು ಮುಗಿದಲ್ಲಿಂದ ಎರೆಹೊಲ ಶುರು. ನಿನ್ನೆಯ ಮಳೆ ಕುಡಿದ ಮಣ್ಣು ಆಕಾಶದ ಅಂಚಿನವರೆಗೂ ಕಪ್ಪಗೆ, ಮೆತ್ತಗೆ ಹರಡಿಕೊಂಡಿತ್ತು. ಒಂದು ದಿಬ್ಬವಿಲ್ಲ, ಕಣ್ಣಿಗೆ ಅಡ್ಡವಾಗಿ ಒಂದು ಗಿಡವಿಲ್ಲ. ಮೊದಲ ಸಲ ನಡುಗಡಲಲ್ಲಿ ಡೆಕ್ಕಿನ ಮೇಲೆ ನಿಂತಾಗ ಎದೆಯೊಳಗೆ ಏನಾಗಿತ್ತೋ ಅದೇ ಆಯಿತು. ತಾನು ಇಷ್ಟು ಚಿಕ್ಕವಳೇ ಎಂಬ ಬೆರಗು. ಆ ಚಿಕ್ಕತನದಲ್ಲೇ ಎಂಥದೋ ಸಮಾಧಾನ. ಇಷ್ಟು ಹತ್ತಿರದಲ್ಲಿ ಹುಟ್ಟಿ ಬೆಳೆದವಳು, ಇದನ್ನು ಹೇಗೆ ನೋಡದೇ ಹೋದೆ?

ಹಿಂದೆ ಹೆಜ್ಜೆಯ ಸದ್ದಾಯಿತು. ಅವಳು ತಿರುಗಲಿಲ್ಲ.

"ನಿಮಗೂ ಸಂಶೇ ಇತ್ತೇನ್ರಿ?"

"ನನಗಾ?" ಸಿದ್ಧಲಿಂಗ ತಡವರಿಸಿದ. "ಅವ್ವ ಹೇಳಿದ ಮ್ಯಾಲ ನನಗ ಗೊತ್ತಾತು, ನಿಮ್ಮ ಹಿಂದ ಒಂದ ಅಂಗಡಿ ಐತಿ ಅಂತ."

"ಅಂದ್ರ?"

"ಬಾಗಲಾ ತೆರದಿತ್ತೋ ಹಾಕಿತ್ತೋ, ನಾ ಎಲ್ಲಿ ನೋಡೀನ್ರಿ? ಫೋನಿನ್ಯಾಗ ನೀವಿದ್ರಿ."

ಅವಳ ಕಿವಿ ಬಿಸಿಯಾಯಿತು. ಕರಗತೊಡಗಿದ ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ಹೊಲದಾಚೆ ದಿಟ್ಟಿಸಿದಳು. ದೂರದಲ್ಲಿ ಯಾರದೋ ಟ್ರ್ಯಾಕ್ಟರು ಬಿತ್ತುತ್ತಿತ್ತು. ಇಲ್ಲಿ ಹಿತ್ತಲ ಬೇವಿನ ಕೆಳಗೆ ಎರಡು ಬಿಳಿ ಎತ್ತುಗಳು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದವು. ಪಕ್ಕದಲ್ಲಿ ಕೂರಿಗೆ ತೊಳೆದು ಸಿದ್ಧವಾಗಿತ್ತು.

"ಮಣ್ಣ ಅಗದಿ ಹದಾ ಐತಿ. ನಿಮ್ಮ ಎತ್ತ ಯಾಕ ಸುಮ್ನ ನಿಂತಾವು?"

"ಇವತ್ತ ಸೋಮವಾರಲ್ಲೇನ್ರಿ?"

ಅಮೃತಾ ನಾಲಿಗೆ ಕಚ್ಚಿಕೊಂಡಳು. ಹಡಗಿನಲ್ಲಿ ವಾರಗಳಿಲ್ಲ; ಅಲ್ಲಿ ಇವತ್ತು ಈ ಬಂದರು, ನಾಳೆ ಆ ಬಂದರು, ಅಷ್ಟೇ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂಬುದು ಅವಳಿಗೆ ಮರೆತೇ ಹೋಗಿತ್ತು.

"ನಾಳಿಗೆ ಹದಾ ಆರಿದ್ರ?"

"ಆರಲಿ."

"ನಾಕ ಸಾಲ ಬಿತ್ತಿದ್ರ ಯಾರ ನೋಡ್ತಾರ್ರಿ?" ಅವಳು ನಗೆಯಾಡಿದಳು.

"ಎತ್ತ ನೋಡ್ತಾವಲ್ಲ!"

ಹೇಳಿದ್ದು ಮಲ್ಲಮ್ಮ. ಹಿಂಡಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಇವನ ಅಪ್ಪನ ಕಾಲದಿಂದ ಒಂದ ಸೋಮವಾರ ಹೂಡಿಲ್ಲ. ಎಷ್ಟೋ ಸಲ ಹದಾ ತಪ್ಪೇತಿ. ತಪ್ಪಲೆವಾ. ಯಾರರೆ ನೋಡ್ತಾರಂತ ಮಾಡತೀವೇನು?"

ಆಡಿದ ಮಾತು ಅವಳಿಗೇ ತಿರುಗಿ ಕೇಳಿಸಿತು. ಮಲ್ಲಮ್ಮ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅಮೃತಾಳನ್ನು ಅವತ್ತು ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನಿಮ್ಮ ನೀರಾಗೂ ಹಂಗನವಾ?"

"ಹಂಗ ಅತ್ತಿ" ಎಂದಳು ಅಮೃತಾ. ಅತ್ತಿ ಎಂದದ್ದು ಬಾಯಿಂದ ಜಾರಿದ ಮೇಲೆ ಗೊತ್ತಾಯಿತು.

ಮಲ್ಲಮ್ಮ ಒಳಗೆ ಹೋದಳು.

"ಒಮ್ಮೆ ಆ ಅಂಗಡಿ ತೆರದಾಗ ನೋಡಬೇಕ ನಾನು" ಸಿದ್ಧಲಿಂಗ ಪಿಸುಗುಟ್ಟಿದ.

"ಅದಕ್ಕ ನೆಲಾ ಕಾಣದಲ್ಲಿಗೆ ಬರಬೇಕಾಗತೈತ್ರಿ."

ಅವನು ತನ್ನ ಹೊಲದ ಮೇಲೆ ಕಣ್ಣಾಡಿಸಿದ. ನೆಲ ಕಾಣದ ಜಾಗವೊಂದು ಇರಬಹುದೆಂದು ಅವನು ಈವರೆಗೆ ಎಣಿಸಿಯೇ ಇರಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು.

"ಬರ್ತೀನಿ. ನೀವ ಬಾಜೂಕ ಇದ್ರ ಅಂಜಿಕಿಲ್ಲ."

"ಲೇ ಸಿದ್ಧಲಿಂಗ, ಬಾಜೂಕ ಸರಿ!" ಮಲ್ಲಮ್ಮ ಬಂದಳು, ಮೊರದ ತುಂಬ ಬಿತ್ತನೆಯ ಹೆಸರುಕಾಳು. "ಸೆರಗ ಒಡ್ಡವಾ. ಗುರುವಾರ ಹೋಗಾಕಿ ಹೋಗು, ಕೆಲಸ ಮುಗಿಸ್ಕೊಂಡ ಬಾ. ಆದ್ರ ನಾಳೆ ಮುಂಜಾನೆ ಇಲ್ಲಿರಬೇಕು. ಮೊದಲ ಸಾಲಿಗೆ ಕಾಳ ನೀನ ಬಿಡು."

ಅಮೃತಾ ಸೆರಗೊಡ್ಡಿದಳು. ಹಸಿರು ಕಾಳು ಸರಸರನೆ ಉಡಿಗೆ ಸುರಿಯಿತು. ಅದು ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಅವುಚಿಕೊಂಡಳು.

"ಹಗೂರಕ ಹಿಡೀರಿ" ಎಂದ ಸಿದ್ಧಲಿಂಗ. "ಚೆಲ್ಲತೈತಿ."